ಬೆತ್ತದ ಬುಟ್ಟಿಗೆ ನೀಲಿ ಪಟ್ಟಿ

ಜೂನ್ ೯

ಸಾಸಿವೆ,

ನೀನು ಹೋದ ಮೇಲೆ ಮನೆ ಬಿಕೋ ಎನ್ನುತ್ತಿದೆ ಅಂತ ನಾನು ಬರೆಯುತ್ತೇನೆಂದು ಕಾಯುತ್ತಿದ್ದರೆ ಆ ಆಸೆ ಬಿಡು. ಆರಾಮವಾಗಿದ್ದೇವೆ. ಬಚ್ಚಲ ಬಾಗಿಲನ್ನು ಯಾರೂ ದಡಾರನೆ ಹಾಕುವುದಿಲ್ಲ. ಕತ್ತರಿ ಇಟ್ಟಲ್ಲೇ ಇರುತ್ತದೆ. ಚಹಾ ಆರಿಹೋಯಿತು ಅಂತ ಯಾರೂ ಸಿಡಿಯುವುದಿಲ್ಲ.

ಫೋನಿದ್ದೂ ಕಾಗದ ಯಾಕೆ ಅಂತ ಕೇಳಬೇಡ. ಫೋನ್ ಮಾಡಿದರೆ ನಿಮ್ಮಣ್ಣ ಪಕ್ಕದಲ್ಲೇ ಕಿವಿ ಚಾಚಿಕೊಂಡು ಕೂರುತ್ತಾರೆ. "ಏನಂತೆ? ಏನಂದ್ಲು?" ಅಂತ ನನ್ನ ಜೀವ ತಿನ್ನುತ್ತಾರೆ. ನಾವಿಬ್ಬರೂ ಹಿಂದಿನ ಮೆಟ್ಟಿಲ ಮೇಲೆ ಕೂತು ಆಡುತ್ತಿದ್ದ ಮಾತನ್ನು ಅವರ ಎದುರು ಆಡಲಾಗುತ್ತದೆಯೇ? ಅರ್ಧದಷ್ಟು ಅವರ ಬಗ್ಗೆಯೇ ಇರುತ್ತಿತ್ತಲ್ಲ.

ನಿನ್ನೆ ಗೋಡೌನಿಗೆ ಟೈಲ್ಸ್ ಲಾರಿ ಬಂದಿತ್ತು. ನಿಮ್ಮಣ್ಣ ಪೆಟ್ಟಿಗೆಗಳಿಗೆ ಬಿಗಿದಿದ್ದ ಪ್ಲಾಸ್ಟಿಕ್ ಪಟ್ಟಿಯನ್ನೆಲ್ಲ ಹೊರೆ ಕಟ್ಟಿ ತಂದರು. ಉಳಿದ ಹಮಾಲರು ಸಿಕ್ಕಲ್ಲಿ ಕತ್ತರಿಸಿ ಬಿಸಾಡುತ್ತಾರೆ. ಇವರು ಮಾತ್ರ ಎರಡು ತುದಿ ಕೂಡಿದ ಬೆಸುಗೆಯ ಪಕ್ಕದಲ್ಲೇ ಕತ್ತರಿಸಿ, ಪಟ್ಟಿ ಇಡಿಯಾಗಿ ಬರುವಂತೆ ನೋಡಿಕೊಳ್ಳುತ್ತಾರೆ. ಮೇಸ್ತ್ರಿ ಬೈದರೂ ಈ ಅಭ್ಯಾಸ ಬಿಟ್ಟಿಲ್ಲ. ಸೋಪಿನ ನೀರಲ್ಲಿ ತೊಳೆದು ಹಗ್ಗದ ಮೇಲೆ ಹಾಕಿದ್ದೇನೆ. ಹಳದಿ, ಬಿಳಿ, ಮತ್ತೆ ನಿನಗೆ ಇಷ್ಟವಾದ ಗಾಢ ನೀಲಿ.

ನಾನು ಬುಟ್ಟಿಗಳ ತಳ ನೇಯುತ್ತಿದ್ದೇನೆ. ಅಂಚು ಕಟ್ಟಲು ಬಾರದು. ಬದುಕಿದ್ದಾಗ ನಿಮ್ಮಮ್ಮ ಮಾಡಿದ ಏರ್ಪಾಡಿನ ಫಲ ನೋಡು! "ಇವಳ ಕೈ ಬಿಗಿ, ಇವಳು ತಳ ಹಾಕ್ಲಿ. ಸಾಸಿವೆಗೆ ಕೂರೋ ತಾಳ್ಮೆ ಇಲ್ಲ, ಕೊನೇಲಿ ಬಂದು ಅಂಚು ಮುಗಿಸ್ಲಿ" ಅಂದಿದ್ದರು. ಅಂದಿನಿಂದ ನನಗೆ ಮುಗಿಸಲು ಬಾರದು, ನಿನಗೆ ಶುರು ಮಾಡಲು ಬಾರದು. ಹೊಲಿಗೆ ಮೆಷಿನ್ ರಿಪೇರಿಗೆ ಬಂದ ಆ ಮಹಾರಾಯರು ಸಾಮಾನಿಡಲು ಒಂದು ಬುಟ್ಟಿ ಕೊಂಡುಹೋಗಿ, "ಹಿಡಿ ಗಿಡ್ಡವಾಯ್ತು", "ಹಿಡಿ ಉದ್ದವಾಯ್ತು" ಅಂತ ಮತ್ತೆ ಮತ್ತೆ ಬಂದು ಕೊನೆಗೆ ಬುಟ್ಟಿ ಬಿಟ್ಟು ನಿನ್ನನ್ನೇ ಕರೆದುಕೊಂಡು ಹೋಗುತ್ತಾರೆ ಅಂತ ನಿಮ್ಮಮ್ಮನಿಗೆ ಗೊತ್ತಿದ್ದರೆ ನನಗೂ ಅಂಚು ಕಲಿಸುತ್ತಿದ್ದರು.

ಹೊಸ ಮನೆ ಹೇಗಿದೆ? ಅತ್ತೆ ಹೇಗೆ? ಎಲ್ಲ ಬರೆ, ಒಂದನ್ನೂ ಬಿಡಬೇಡ.

ನಿನ್ನ ಅತ್ತಿಗೆ


ಜೂನ್ ೨೪

ಅತ್ತಿಗೆ,

ನಾನಿಲ್ಲದೆ ಆರಾಮವಾಗಿದ್ದೀರಾ? ಸಂತೋಷ. ಬಚ್ಚಲ ಬಾಗಿಲಿಗೆ ನನ್ನ ನೆನಪು ಬಂದರೆ ಅದಕ್ಕೂ ನಮಸ್ಕಾರ ಹೇಳಿ.

ಇಲ್ಲಿ ಎಲ್ಲ ಚೆನ್ನಾಗಿದೆ. ಮನೆ ಎರಡನೇ ಮಹಡಿಯಲ್ಲಿ, ಕೆಳಗೆ ಇವರ ಅಂಗಡಿ. ದಿನವಿಡೀ ಮೆಷಿನ್ ಪರೀಕ್ಷೆ ಮಾಡುವ ಟಕಟಕ ಸದ್ದು ನೆಲದಿಂದ ಕಾಲಿಗೆ ಹತ್ತುತ್ತದೆ. ಇವರು ಒಳ್ಳೆಯವರು, ಮಾತು ಕಡಿಮೆ. ನಮ್ಮ ಮನೆಗೆ ಬಂದಾಗ ಎಷ್ಟೊಂದು ಮಾತಾಡುತ್ತಿದ್ದರಲ್ಲ, ಅದೆಲ್ಲ ಹಿಡಿಯ ಉದ್ದದ ಬಗ್ಗೆಯೇ ಅಂತ ಈಗ ತಿಳಿಯುತ್ತಿದೆ. ಅತ್ತೆಯವರಿಗೆ ಮಂಡಿ ನೋವು, ಕಿಟಕಿಯ ಪಕ್ಕದ ಕುರ್ಚಿ ಬಿಟ್ಟು ಏಳುವುದು ಕಡಿಮೆ. ನನ್ನನ್ನು ಏನಂತ ಕರೆಯಬೇಕೆಂದು ಅವರಿಗಿನ್ನೂ ತೋಚಿಲ್ಲ. "ಇಲ್ಲಿ ನೋಡು" ಅನ್ನುತ್ತಾರೆ, ನಾನು ನೋಡುತ್ತೇನೆ.

ಮನೆ ತುಂಬ ಅಚ್ಚುಕಟ್ಟು. ಪ್ರತಿ ಸಾಮಾನಿಗೂ ಜಾಗವಿದೆ. ಮೊದಲಿನವರು, ಇವರ ತೀರಿಹೋದ ಹೆಂಡತಿ, ಹಾಗೆ ಇಟ್ಟುಕೊಂಡಿದ್ದರಂತೆ. ಒಂದು ಲೋಟ ಈ ಕಡೆಯದು ಆ ಕಡೆ ಇಟ್ಟರೂ ಸಂಜೆಯೊಳಗೆ ಅದು ತನ್ನ ಜಾಗಕ್ಕೆ ಮರಳಿರುತ್ತದೆ. ಯಾರು ಇಡುತ್ತಾರೋ ನಾನು ನೋಡಿಲ್ಲ.

ಮಧ್ಯಾಹ್ನ ಕೈ ಸುಮ್ಮನಿರುವುದಿಲ್ಲ ಅತ್ತಿಗೆ. ನಮ್ಮ ಮನೆಯ ಹಿಂದಿನ ಮೆಟ್ಟಿಲು, ಗೋಡೌನಿನ ತಗಡಿನ ನೆರಳು, ಪಟ್ಟಿಯ ಮಡಿಕೆ ಹೋಗಲೆಂದು ಅಮ್ಮ ಅದನ್ನು ಬಾಗಿಲಂಚಿಗೆ ಉಜ್ಜಿ ಎಳೆಯುವಾಗ ಬರುತ್ತಿದ್ದ ಆ ಕೀಚಲು ಸದ್ದು... ಆಗ ಹಲ್ಲು ಜುಮ್ಮೆನ್ನುತ್ತಿತ್ತು, ಈಗ ಆ ಸದ್ದೇ ಬೇಕೆನಿಸುತ್ತದೆ. ಬಟ್ಟೆ ಹಾಕುವ ಬುಟ್ಟಿ, ಈರುಳ್ಳಿ ಬುಟ್ಟಿ, ಚಪ್ಪಲಿ ಇಡುವ ತಟ್ಟೆ, ಮುರಿದ ಸ್ಟೂಲಿಗೆ ಹೊಸ ಕೂರುಮಣೆ, ಏನೆಲ್ಲ ಮಾಡಿದೆವು! ನಮ್ಮ ಮನೆಯಲ್ಲಿ ಪಟ್ಟಿಯಿಂದ ಮಾಡದೇ ಇದ್ದದ್ದು ಅಣ್ಣ ಒಬ್ಬನೇ.

ಒಂದು ಕಟ್ಟು ಪಟ್ಟಿ ಕಳಿಸುತ್ತೀರಾ? ನೀಲಿ ಇರಲಿ. ಅಥವಾ ನಾನೇ ಬಂದು ತಿಂಗಳೊಪ್ಪತ್ತು ಇದ್ದು ಅಂಚುಗಳನ್ನೆಲ್ಲ ಮುಗಿಸಿಕೊಡಲೇ?

ನಿಮ್ಮ ಸಾಸಿವೆ


ಜುಲೈ ೮

ಸಾಸಿವೆ,

ಪಟ್ಟಿಯ ಕಟ್ಟು ಕಳಿಸಿದ್ದೇನೆ. ನಿಮ್ಮಣ್ಣನೇ ಆರಿಸಿದ್ದು. ಒಂದೊಂದನ್ನೂ ಬೆಳಕಿಗೆ ಹಿಡಿದು, ಸೀಳಿದ್ದನ್ನು ಪಕ್ಕಕ್ಕಿಟ್ಟು, ಮಗಳನ್ನು ಕಳಿಸಿಕೊಡುವವರ ಹಾಗೆ ಮುಖ ಮಾಡಿಕೊಂಡು ಕಟ್ಟಿದರು.

ಅಂಚು ಮುಗಿಸಲು ನೀನು ಬರಬೇಕಾಗಿಲ್ಲ. ನಾನು ಕಲಿತೆ. ಒಂದು ಪಟ್ಟಿ ಒಳಕ್ಕೆ, ಒಂದು ಹೊರಕ್ಕೆ ಮಡಚಿ, ತುದಿಯನ್ನು ಓರೆಯಾಗಿ ಕತ್ತರಿಸಿ, ಚಮಚದ ಹಿಡಿಯಿಂದ ಕೆಳಗಿನ ಸಾಲು ಎತ್ತಿ ತೂರಿಸುವುದು ತಾನೇ? ಅದೇನು ಬ್ರಹ್ಮವಿದ್ಯೆಯಲ್ಲ. ನೀನು ಇಷ್ಟು ವರ್ಷ ಸುಮ್ಮನೆ ದೊಡ್ಡಸ್ತಿಕೆ ಮಾಡುತ್ತಿದ್ದೆ ಅಂತ ಗೊತ್ತಾಯಿತು.

ಹೋದ ವಾರ ನಿನ್ನ ಕಪಾಟು ತೆಗೆದು ಸ್ವಲ್ಪ ಪಟ್ಟಿ ಅದರಲ್ಲಿ ತುಂಬಿದೆ. ಜಾಗ ಸುಮ್ಮನೆ ಖಾಲಿ ಇತ್ತು.

ನೀನು ಮೊದಲು ಅಲ್ಲಿ ಗಟ್ಟಿಯಾಗಿ ಕೂರು. ಈ ಕಡೆ ಒಂದು ಕಾಲು ಆ ಕಡೆ ಒಂದು ಕಾಲು ಇಟ್ಟುಕೊಂಡರೆ ನಡೆಯಲಾಗುವುದಿಲ್ಲ. ಅತ್ತೆಯವರ ಮಂಡಿಗೆ ಬಿಸಿನೀರಿನ ಶಾಖ ಕೊಡುತ್ತಿದ್ದೀಯಾ?

ನಿನ್ನ ಅತ್ತಿಗೆ


ಜುಲೈ ೨೦

ಅತ್ತಿಗೆ,

ಪಟ್ಟಿ ಬಂತು. ಅಣ್ಣನಿಗೆ ಹೇಳಿ. ಕಟ್ಟು ಬಿಚ್ಚಿದಾಗ ಗೋಡೌನಿನ ರಟ್ಟಿನ ವಾಸನೆ ಬಂತು, ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.

ನೀವು ಅಂಚು ಕಲಿತದ್ದು ಒಳ್ಳೆಯದಾಯಿತು. ಕಪಾಟೂ ಉಪಯೋಗಕ್ಕೆ ಬಂತಲ್ಲ.

ತಳ ಹಾಕಲು ಕೂತೆ, ಮೂಲೆಗಳು ಸೊಟ್ಟಗಾಗಿ ಬಿಚ್ಚಿಟ್ಟೆ. ಇಲ್ಲಿ ಒಂದು ಹಳೆಯ ಬುಟ್ಟಿಯ ಅಂಚು ಒಡೆದಿತ್ತು. ಅದನ್ನು ಸರಿ ಮಾಡಿದೆ.

ಬೇರೆ ವಿಶೇಷವಿಲ್ಲ.

ಸಾಸಿವೆ


ಆಗಸ್ಟ್ ೨

ಅಯ್ಯೋ ನನ್ನ ಬಂಗಾರಿ,

ಆ ಒಂದು ಸಾಲು ಓದಿ ನನಗೆಷ್ಟು ಸಂತೋಷವಾಯಿತು ಗೊತ್ತಾ! ನಿಮ್ಮಣ್ಣನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವರು ಗೋಡೌನಿನಲ್ಲಿ ಮೇಸ್ತ್ರಿಯವರೆಗೂ ಸುದ್ದಿ ಮುಟ್ಟಿಸಿದ್ದಾರೆ. "ನನ್ ತಂಗಿ ಹೋದ ಮನೇಲಿ ಮೊದಲನೇ ಕೆಲ್ಸ ಏನ್ ಮಾಡಿದ್ಲು ಗೊತ್ತಾ? ಒಡೆದದ್ದನ್ನ ಸರಿ ಮಾಡಿದ್ಲು!"

ಅತ್ತೆಯವರು ಏನಂದರು? ಯಾವ ಬಣ್ಣ ಹಾಕಿದೆ? ನೀಲಿಯೇ ಇರಬೇಕು. ಅವರ ಮುಖ ಅರಳಿರಬೇಕು ಅಲ್ಲವಾ? ನಾನು ನಿಮ್ಮ ಮನೆಗೆ ಬಂದ ಹೊಸದರಲ್ಲಿ ನಿಮ್ಮಮ್ಮನಿಗೆ ನನ್ನ ಮೇಲೆ ಅಷ್ಟಕ್ಕಷ್ಟೇ ಇತ್ತು. ನಾನು ಮೊದಲ ತಳವನ್ನು ಮೂಲೆ ಸೊಟ್ಟಗಾಗದೆ ಮುಗಿಸಿದ ದಿನ ಅವರು ತಮ್ಮ ಪಕ್ಕದ ಮಣೆಯನ್ನು ಕಾಲಿನಿಂದ ನನ್ನ ಕಡೆ ತಳ್ಳಿದರು ಅಷ್ಟೇ. ಅಲ್ಲಿಂದ ಮುಂದೆ ನಾನು ಆ ಮನೆಯವಳು. ನಿನಗೂ ಹಾಗೇ ಆಗುತ್ತದೆ ಅಂತ ನನಗೆ ಗೊತ್ತಿತ್ತು.

ಎಲ್ಲವನ್ನೂ ವಿವರವಾಗಿ ಬರೆ.

ಅತ್ತಿಗೆ


ಸೆಪ್ಟೆಂಬರ್ ೧

ಸಾಸಿವೆ,

ಇಷ್ಟು ದಿನವಾದರೂ ಒಂದು ಸಾಲಿಲ್ಲ. ಹೊಸ ಸಂಸಾರದಲ್ಲಿ ಮುಳುಗಿ ಅತ್ತಿಗೆಯನ್ನು ಮರೆತೆ ಅಂತ ಬೈಯಲು ಕೂತೆ. ಆಮೇಲೆ ನಿನ್ನ ಹಿಂದಿನ ಕಾಗದ ತೆಗೆದು ಮತ್ತೆ ಓದಿದೆ. ಅಷ್ಟು ಚಿಕ್ಕ ಕಾಗದ ನೀನು ಯಾವತ್ತೂ ಬರೆದವಳಲ್ಲ. ಅಂಗಡಿಗೆ ಸಾಮಾನು ಬರೆದರೂ ನಾಲ್ಕು ಜಾಸ್ತಿ ಮಾತು ಸೇರಿಸುವವಳು. ಅದು ನನಗೆ ಆಗಲೇ ಹೊಳೆಯಬೇಕಿತ್ತು.

ಏನಾಗಿದೆ? ಫೋನ್ ಮಾಡಿದರೆ "ಎಲ್ಲಾ ಚೆನ್ನಾಗಿದೆ ಅತ್ತಿಗೆ" ಅಂತ ಗಿಣಿಪಾಠ ಒಪ್ಪಿಸುತ್ತೀಯ. ಬರೆ.

ಅತ್ತಿಗೆ


ಸೆಪ್ಟೆಂಬರ್ ೧೪

ಅತ್ತಿಗೆ,

ನಾನು ವಾಪಸು ಬರುತ್ತೇನೆ. ಮುಂದಿನ ತಿಂಗಳ ಕೊನೆಯ ವಾರಕ್ಕೆ ಟಿಕೆಟ್ ತೆಗೆಸಿದ್ದೇನೆ. ಇವರಿಗಿನ್ನೂ ಹೇಳಿಲ್ಲ.

ಯಾರೂ ಹೊಡೆದಿಲ್ಲ, ಬೈದಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ನಡೆದದ್ದು ಇಷ್ಟು.

ಅಡುಗೆಮನೆಯ ಕಿಟಕಿಯ ಪಕ್ಕ ಮೊಳೆಗೆ ಒಂದು ಬೆತ್ತದ ಬುಟ್ಟಿ ನೇತುಹಾಕಿದ್ದರು. ಖಾಲಿ ಬುಟ್ಟಿ. ಒಂದು ಕಡೆ ಅಂಚು ಕಿತ್ತುಬಂದು ಬೆತ್ತದ ತುದಿಗಳು ಹೊರಗೆ ಚಾಚಿದ್ದವು. ಇಡೀ ಮನೆಯಲ್ಲಿ ಕೆಟ್ಟಿದ್ದದ್ದು ಅದೊಂದೇ. ದಿನವೂ ಚಹಾ ಮಾಡುವಾಗ ಅದು ನನ್ನ ಕಣ್ಣಿಗೆ ಬೀಳುತ್ತಿತ್ತು, ಕೈ ತುರಿಸುತ್ತಿತ್ತು. ನಿಮಗೆ ಬೇರೆ ಹೇಳಬೇಕೇ? ಒಡೆದ ಅಂಚು ನೋಡಿಯೂ ಸುಮ್ಮನಿರುವುದು ನಮ್ಮ ಮನೆಯಲ್ಲಿ ಯಾರಿಗೆ ಸಾಧ್ಯ? ಅತ್ತೆ ಮಲಗಿದ್ದರು, ಇವರು ಅಂಗಡಿಯಲ್ಲಿದ್ದರು. ಕೆಳಗಿಳಿಸಿದೆ. ಮುರಿದ ತುದಿಗಳನ್ನು ಒಳಗೆ ಮಡಚಿ, ನೀವು ಕಳಿಸಿದ ನೀಲಿ ಪಟ್ಟಿಯಿಂದ ಸುತ್ತಲೂ ಅಂಚು ಕಟ್ಟಿದೆ. ಜೀವಮಾನದಲ್ಲಿ ಅಷ್ಟು ಚೆಂದದ ಅಂಚು ಕಟ್ಟಿಲ್ಲ. ತುಂಬ ದಿನದ ಮೇಲೆ ಖುಷಿಯಾಗಿ, ಹಾಡಿಕೊಂಡೇ ಮೊಳೆಗೆ ಹಾಕಿದೆ.

ಇವರು ಚಹಾಕ್ಕೆ ಮೇಲೆ ಬಂದರು. ಬುಟ್ಟಿ ನೋಡಿದರು. ಕೈಯಲ್ಲಿದ್ದ ಲೋಟವನ್ನು ಹಾಗೇ ಕಟ್ಟೆಯ ಮೇಲಿಟ್ಟು ಕೆಳಗೆ ಹೋದರು. ಅತ್ತೆ ಎದ್ದು ಬಂದವರು ನೀಲಿ ಪಟ್ಟಿಯನ್ನು ಬೆರಳಿನಿಂದ ಮುಟ್ಟಿ, "ಇದನ್ನ ಮುಟ್ಟು ಅಂತ ಯಾರ್ ಹೇಳಿದ್ರು ನಿಂಗೆ?" ಅಂದರು. ಆಮೇಲೆ ಗೋಡೆ ಹಿಡಿದುಕೊಂಡು ಅತ್ತರು. ಅದು ಮೊದಲಿನವರ ಬುಟ್ಟಿ ಅಂತ ಆಗ ಗೊತ್ತಾಯಿತು. ಅಂದಿನಿಂದ ಮೂವರೂ ಒಂದೇ ಮೇಜಿನಲ್ಲಿ ಕೂತು ಉಣ್ಣುತ್ತೇವೆ, ಚಮಚದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಬುಟ್ಟಿ ಅಲ್ಲೇ ಇದೆ, ನೀಲಿ ಅಂಚಿನ ಸಮೇತ. ನಾನು ಅದರ ಕಡೆ ಬೆನ್ನು ಹಾಕಿಕೊಂಡು ಅಡುಗೆ ಮಾಡುತ್ತೇನೆ.

ಅಣ್ಣ ಅದನ್ನು ಗೋಡೌನಿನಲ್ಲೆಲ್ಲ ಹೇಳಿಕೊಂಡು ಬಂದ ಅಂತ ನೀವು ಬರೆದಿರಿ. ಅದನ್ನು ಓದಿದ ಮೇಲೆ ನಿಮಗೆ ಹೇಗೆ ಬರೆಯಲಿ ಹೇಳಿ.

ನಮ್ಮ ಮನೆಯಲ್ಲಿ ಇನ್ನು ನನ್ನ ಅಗತ್ಯ ಇಲ್ಲ ಅಂತಲೂ ಗೊತ್ತು. ಅಂಚು ನೀವೇ ಕಟ್ಟುತ್ತೀರಿ, ಕಪಾಟಿನಲ್ಲಿ ಪಟ್ಟಿ ತುಂಬಿದ್ದೀರಿ. ಒಂದು ಮೂಲೆ ಕೊಟ್ಟರೆ ಸಾಕು. ಈ ವಯಸ್ಸಿಗೆ ಮದುವೆ ಅಂತ ಕುಣಿದದ್ದಕ್ಕೆ ನಾಲ್ಕು ಜನ ನಕ್ಕರೆ ನಗಲಿ.

ಸಾಸಿವೆ


ಸೆಪ್ಟೆಂಬರ್ ೨೨

ಸಾಸಿವೆ,

ಬರಬೇಡ.

ಓದಿ ಕಾಗದ ಹರಿಯಬೇಡ, ಪೂರ್ತಿ ಓದು.

ನೀನು ಮಾಡಿದ್ದು ತಪ್ಪಲ್ಲ, ಆದರೆ ಬೇರೆಯವರ ಬುಟ್ಟಿಯನ್ನು ಕೇಳದೆ ಇಳಿಸಿದೆ. ಅಂಚು ಎಷ್ಟು ಚೆಂದ ಬಂದಿದ್ದರೂ ಅದು ಅವರು ಕೇಳಿದ ಅಂಚಲ್ಲ. ನಮ್ಮ ಮನೆಯಲ್ಲಿ ಒಡೆದದ್ದನ್ನು ರಿಪೇರಿ ಮಾಡುತ್ತಾರೆ. ಕೆಲವರ ಮನೆಯಲ್ಲಿ ಒಡೆದದ್ದನ್ನು ಹಾಗೇ ಇಟ್ಟುಕೊಳ್ಳುತ್ತಾರೆ. ಯಾಕೆ ಅಂತ ನಮಗೆ ಗೊತ್ತಿಲ್ಲ, ನೀನು ಕೇಳಿಯೂ ಇಲ್ಲ.

ಬಿಚ್ಚು. ಆದರೆ ಅವರು ಮಲಗಿದ್ದಾಗ ಕದ್ದು ಬಿಚ್ಚಬೇಡ. ಇಬ್ಬರೂ ಇರುವಾಗ, ಅವರ ಎದುರಿಗೇ ಕೂತು, "ಬಿಚ್ಚಲಾ?" ಅಂತ ಕೇಳಿ ಬಿಚ್ಚು. ತೂರಿಸಿದ ತುದಿಯನ್ನು ಹಿಂದಿನಿಂದ ಮುಂದಕ್ಕೆ ಎಳೆ, ಕತ್ತರಿ ಹಾಕಬೇಡ, ಬೆತ್ತ ಸೀಳುತ್ತದೆ. ಮಾತಾಡಬೇಕಾದರೆ ಅವರೇ ಆಡುತ್ತಾರೆ. ಕೈ ಕೆಲಸದಲ್ಲಿದ್ದವರ ಎದುರು ಮಾತಾಡುವುದು ಸುಲಭ. ಹಿಂದಿನ ಮೆಟ್ಟಿಲ ಮೇಲೆ ನಾವು ಆಡಿದ ಮಾತುಗಳೆಲ್ಲ ಹಾಗೆ ಬಂದವಲ್ಲವೇ? ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತಿದ್ದರೆ ಒಂದೂ ಆಡುತ್ತಿರಲಿಲ್ಲ.

ಇಷ್ಟು ಮಾಡಿಯೂ ಆ ಮನೆ ಬೇಡ ಅನ್ನಿಸಿದರೆ ಆಗ ನೋಡೋಣ. ಈಗ ಬರಬೇಡ. ಇಲ್ಲಿ ನಿನ್ನಿಂದ ಆಗಬೇಕಾದ ಕೆಲಸ ಏನೂ ಇಲ್ಲ.

ಅತ್ತಿಗೆ


ಅಕ್ಟೋಬರ್ ೧೯

ಅತ್ತಿಗೆ,

ನಿಮ್ಮ ಕಾಗದದ ಕೊನೆಯ ಸಾಲಿಗೆ ನಿಮ್ಮ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಗಂಟು ಮೂಟೆ ಕಟ್ಟಿದೆ, ಎಲ್ಲಿಗೆ ಹೋಗಬೇಕೆಂದು ಗೊತ್ತಾಗದೆ ಬಿಚ್ಚಿದೆ. ಕೊನೆಗೆ ನೀವು ಹೇಳಿದ ಹಾಗೆಯೇ ಮಾಡಿದೆ.

ಭಾನುವಾರ ಅಂಗಡಿಗೆ ರಜೆ. ಅತ್ತೆ ಕಿಟಕಿಯ ಪಕ್ಕ ಇದ್ದರು, ಇವರು ಪೇಪರ್ ಓದುತ್ತಿದ್ದರು. ಬುಟ್ಟಿ ತಂದು ನೆಲದ ಮೇಲೆ ಕೂತು, "ಇದನ್ನ ಬಿಚ್ಚಿಬಿಡ್ಲಾ?" ಅಂತ ಕೇಳಿದೆ. ಇವರು ಪೇಪರ್ ಕೆಳಗಿಟ್ಟರು. ನಾನು ಒಂದು ತುದಿ ಎಳೆದೆ.

ಚೆನ್ನಾಗಿ ಕಟ್ಟಿದ್ದನ್ನು ಬಿಚ್ಚುವುದು ಎಷ್ಟು ಕಷ್ಟ ಅತ್ತಿಗೆ. ಒಂದೊಂದು ಪಟ್ಟಿಯೂ ಕೀಚ್ ಅನ್ನುತ್ತಿತ್ತು. ಸ್ವಲ್ಪ ಹೊತ್ತಿಗೆ ಅತ್ತೆ ಶುರು ಮಾಡಿದರು. ಮೊದಲಿನವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ ದಿನ, ಬಟ್ಟೆ ಹಣ್ಣು ಎಲ್ಲ ಆ ಬುಟ್ಟಿಯಲ್ಲೇ ತುಂಬಿಕೊಂಡಿದ್ದರಂತೆ. ಟ್ಯಾಕ್ಸಿಯ ಬಾಗಿಲಿಗೆ ಸಿಕ್ಕಿ ಅಂಚು ಕಿತ್ತುಬಂತಂತೆ. ಅವರು ನಕ್ಕು, ಸಾಮಾನನ್ನೆಲ್ಲ ಚೀಲಕ್ಕೆ ಹಾಕಿ, ಬುಟ್ಟಿಯನ್ನು ಅತ್ತೆಯ ಕೈಗೆ ಕೊಟ್ಟು, "ಬಂದ್ಮೇಲೆ ನಾನೇ ಸರಿ ಮಾಡ್ತೀನಿ, ನೀವ್ಯಾರೂ ಕೈ ಹಾಕ್ಬೇಡಿ" ಅಂದರಂತೆ. ಬರಲಿಲ್ಲ.

ನನ್ನ ಕೈ ನಿಂತುಹೋಯಿತು. ಅವರು ಯಾರಿಗೂ ಬೇಡ ಅಂತ ಹೇಳಿಹೋದ ಕೆಲಸವನ್ನೇ ನಾನು ಹಾಡಿಕೊಂಡು ಮಾಡಿ ಮುಗಿಸಿದ್ದೆ. ಅಲ್ಲೇ ಕೂತು ಜೋರಾಗಿ ಅತ್ತುಬಿಟ್ಟೆ. ಇವರು ಎದ್ದು ಬಂದು ನನ್ನ ಪಕ್ಕ ನೆಲದ ಮೇಲೆ ಕೂತರು. "ನಾನ್ ಹೇಳ್ಬೇಕಿತ್ತು. ಹೇಳದೆ ನಿಂಗೆ ಹೇಗ್ ಗೊತ್ತಾಗ್ಬೇಕು?" ಅಂದರು. ಆಮೇಲೆ ಪಟ್ಟಿ ಎಳೆಯುವಾಗ ಬೆತ್ತ ಅಲುಗಾಡದಂತೆ ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಮೆಷಿನ್ನಿನ ಸಣ್ಣ ಸ್ಕ್ರೂ ಬಿಚ್ಚುವ ಕೈ ಅಲ್ಲವೇ, ಒಂದು ಎಳೆಯೂ ಮುರಿಯಲಿಲ್ಲ. ಮುರಿದ ತುದಿಗಳು ಮೊದಲಿನ ಹಾಗೆಯೇ ಹೊರಗೆ ಬಂದವು. ಮೊಳೆಗೆ ಇವರೇ ಹಾಕಿದರು.

ಆವತ್ತು ಇವರು ಮಾತಾಡಿದರು ನೋಡಿ! ಮೊದಲಿನವರ ಬಗ್ಗೆ, ಅವರು ಹೋದ ಮೇಲಿನ ವರ್ಷಗಳ ಬಗ್ಗೆ. ಲೋಟಗಳನ್ನು ಮತ್ತೆ ಮತ್ತೆ ಅದೇ ಜಾಗಕ್ಕೆ ಇಡುತ್ತಿದ್ದದ್ದೂ ಇವರೇ. ಕೈಗೆ ಅಭ್ಯಾಸವಾಗಿದೆಯಂತೆ, ತಮಗೇ ಗೊತ್ತಾಗುವುದಿಲ್ಲವಂತೆ.

ಮಾರನೆಯ ದಿನ ಅತ್ತೆ ಕರೆದು, "ಆ ನಿನ್ ಪಟ್ಟೀಲಿ ನಂಗೊಂದು ಮಾಡ್ಕೊಡು. ಕನ್ನಡಕ, ಮಾತ್ರೆ, ಮುಲಾಮು ಎಲ್ಲಾ ಹಿಡೀಬೇಕು. ಕುರ್ಚಿ ಪಕ್ಕಾನೇ ಇಟ್ಕೋತೀನಿ. ನೀಲಿ ಮಾತ್ರ ಬೇಡ, ಕಣ್ಣಿಗೆ ಹೊಡೆಯತ್ತೆ" ಅಂದರು. ನನಗೆ ತಳ ಹಾಕಲು ಬಾರದು, ಅದು ನಮ್ಮತ್ತಿಗೆಯ ಕೆಲಸ ಅಂದೆ. "ಹಾಗಾದ್ರೆ ಅವ್ರಿಗೆ ಬರಿ. ಅದಕ್ಕೂ ನಾನೇ ಹೇಳ್ಕೊಡ್ಬೇಕಾ?" ಅಂದರು. ಈಗ ನನಗೆ ಬೈಯಲು ಶುರು ಮಾಡಿದ್ದಾರೆ. ಕಿವಿಗೆ ಹಿತವಾಗಿದೆ.

ಟಿಕೆಟ್ ವಾಪಸು ಮಾಡಿದೆ. ನಾನು ಬರುವುದಿಲ್ಲ ಅತ್ತಿಗೆ. ಒಂದು ತಳ ನೇಯ್ದು ಕಳಿಸಿ, ಪಟ್ಟಿ ಉದ್ದವಾಗಿಯೇ ಬಿಡಿ.

ನಿಮ್ಮ ಸಾಸಿವೆ


ನವೆಂಬರ್ ೩

ಸಾಸಿವೆ,

ತಳ ಕಳಿಸುತ್ತಿದ್ದೇನೆ. ಬಿಳಿ ಮತ್ತು ಹಸಿರು. ಮೂಲೆಗಳಿಗೆ ಬಟ್ಟೆಯ ಕ್ಲಿಪ್ ಹಾಕಿದ್ದೇನೆ, ಅಂಚು ಮುಗಿಯುವವರೆಗೆ ತೆಗೆಯಬೇಡ.

ಈಗ ನೀನು ಅಲ್ಲಿ ನೆಲೆಯಾದೆಯಲ್ಲ, ಇನ್ನು ನಾನೂ ನಿಜ ಹೇಳಬಹುದು. ನನಗೆ ಅಂಚು ಬಾರದು. ಕಲಿತೆ ಅಂದದ್ದು ಶುದ್ಧ ಸುಳ್ಳು. ಇಲ್ಲಿ ಬುಟ್ಟಿಗಳು ಅಂಚಿಲ್ಲದೆ ಬೋಳಾಗಿ ಕಿಟಕಿಯ ಎತ್ತರಕ್ಕೆ ನಿಂತಿವೆ. ಅವು ನಿನಗಾಗಿ ಕಾಯುತ್ತಿವೆ ಅಂತ ತಿಳಿದರೆ ನೀನು ಯಾವತ್ತೂ ಅಲ್ಲಿ ಬೇರು ಬಿಡುವುದಿಲ್ಲ ಅಂತ ಹಾಗೆ ಬರೆದೆ. ಅದು ನಿನ್ನನ್ನು ಹೊರಗೆ ಹಾಕಿದ ಹಾಗೆ ಕೇಳಿಸುತ್ತದೆ ಅಂತ ನನ್ನ ಮಂದ ಬುದ್ಧಿಗೆ ಹೊಳೆಯಲಿಲ್ಲ.

ವಾಪಸು ಬರುತ್ತೇನೆ ಅಂತ ನೀನು ಬರೆದ ಕಾಗದ ಬಂದಾಗ ನಾನು ಅಳಲಿಲ್ಲ. ಕುಣಿದೆ. ನಿಜವಾಗಿ. ಕಪಾಟಿನಿಂದ ಪಟ್ಟಿಯನ್ನೆಲ್ಲ ಹೊರಗೆ ಹಾಕಿ, ನಿನ್ನ ಹಾಸಿಗೆಯನ್ನು ಬಿಸಿಲಿಗಿಟ್ಟೆ. ನಿಮ್ಮಣ್ಣ ಗೋಡೌನಿನಿಂದ ಬೇಗ ಬಂದು ಬಚ್ಚಲ ಬಾಗಿಲ ಚಿಲಕ ಸರಿ ಮಾಡಿದರು, "ಬಂದ ತಕ್ಷಣ ದಡಾರ್ ಅನ್ನಿಸ್ಲಿ" ಅಂತ. "ಈಗಲೇ ಹೊರಟು ಬಾ" ಅಂತ ಕಾಗದ ಬರೆದು ಅಂಚೆ ಡಬ್ಬಿಯವರೆಗೂ ಹೋದೆ. ಡಬ್ಬಿಯ ಮುಂದೆ ನಿಂತು ಯೋಚಿಸಿದೆ. ನನಗೆ ನೀನು ಬೇಕು ಅನ್ನುವುದಕ್ಕೆ ನಿನ್ನನ್ನು ಸೋಲಿಸಿ ಕರೆಸಿಕೊಳ್ಳಲೇ? ಅಲ್ಲೇ ಹರಿದೆ. ಮನೆಗೆ ಬಂದು ಆ ಇನ್ನೊಂದು ಕಾಗದ ಬರೆದೆ. "ಬರಬೇಡ" ಅಂತ ಬರೆಯಲು ನನಗೆ ಎಷ್ಟು ಹೊತ್ತು ಹಿಡಿಯಿತು ಅಂತ ನಿನಗೆ ಹೇಳುವುದಿಲ್ಲ. ನಿನ್ನನ್ನು ಬಿಟ್ಟು ನನಗೆ ಚೆನ್ನಾಗಿಲ್ಲ ಸಾಸಿವೆ. ಮಧ್ಯಾಹ್ನ ಆ ಮೆಟ್ಟಿಲ ಮೇಲೆ ಒಬ್ಬಳೇ ಕೂರಲಾಗುವುದಿಲ್ಲ, ಒಳಗೇ ಕೂತು ನೇಯುತ್ತೇನೆ.

ಇನ್ನು ತಿಂಗಳಿಗೆ ಒಂದೆರಡು ತಳ ಕಳಿಸುತ್ತೇನೆ, ಮಡಚಿದರೆ ಪಾರ್ಸಲಿನಲ್ಲಿ ಚಪ್ಪಟೆಯಾಗಿ ಹೋಗುತ್ತದೆ. ಅತ್ತೆಯವರಿಗೆ ನನ್ನ ನಮಸ್ಕಾರ ಹೇಳು. ಹಿಡಿಯ ಉದ್ದ ಸರಿಯಿಲ್ಲ ಅಂತ ನಿನ್ನ ಯಜಮಾನರು ಅಂದರೆ ನನ್ನ ಹತ್ತಿರ ಕಳಿಸು.

ಬೆಳಿಗ್ಗೆ ಈ ಪಾರ್ಸಲ್ ಕಟ್ಟುತ್ತಿದ್ದಾಗ ನಿಮ್ಮಣ್ಣ ಬಂದು ಪಕ್ಕದಲ್ಲಿ ಕೂತರು.

"ಸಾಸಿವೆ ಯಾವಾಗ ಮನೆಗ್ ಬರ್ತಾಳಂತೆ?" ಅಂತ ಕೇಳಿದರು.

"ಮನೇಲೇ ಇದ್ದಾಳಲ್ಲ" ಅಂದೆ.

ಅವರು ದಾರದ ಗಂಟಿನ ಮೇಲೆ ಬೆರಳಿಟ್ಟು ಒತ್ತಿ ಹಿಡಿದರು, ನಾನು ಬಿಗಿದೆ.

ನಿನ್ನ ಅತ್ತಿಗೆ